ಕಾಯಿಕೊರಕ

ಆನೆ ಬಂದರೆ ಗೊತ್ತಾಗುತ್ತದೆ.
ಬೇಲಿ ಮಲಗಿರುತ್ತದೆ, ಬಾಳೆ ಮಲಗಿರುತ್ತದೆ,
ಬೆಳಗ್ಗೆ ಅಂಗಳದಲ್ಲಿ ಹಬೆಯಾಡುವ ಲದ್ದಿ
ರುಜು ಹಾಕಿಟ್ಟ ಹಾಗೆ.
ಇದು ಹಾಗೆ ಬರಲಿಲ್ಲ.

ನೆಲ್ಲಿಹುದಿಕೇರಿ. ಹೊಳೆಗೆ ಬೆನ್ನು ಹಾಕಿದ ಎರಡು ಕೋಣೆ.
ನಾನು ತೋಟದ ರೈಟರ್; ಲೈನ್ ಮನೆಯವರ ಬಾಯಲ್ಲಿ ಲೆಕ್ಕದಮ್ಮ.
ಶನಿವಾರ ರಾತ್ರಿ ಬಟವಾಡೆ ಪಟ್ಟಿ ಮುಗಿಸಿ,
ದುಡ್ಡು ಕೊಟ್ಟು ತರಬೇಕಾದ್ದೊಂದು
ಬಿಟ್ಟಿ ಸಿಗುತ್ತದೆಂದು ಇಳಿಸಿಕೊಂಡೆ.
ಅದು ಕೇಳಿತು: ಒಂದೇ ನಿಮಿಷ,
ನಿಮ್ಮ ಆಂಟಿವೈರಸ್ ಆಫ್ ಮಾಡುತ್ತೀರಾ?
ನೆಂಟರು ಬಂದಾಗ ನಾಯಿ ಕಟ್ಟಿಹಾಕುವುದಿಲ್ಲವೇ,
ಹಾಗೆ, ಆಫ್ ಮಾಡಿದೆ.

ಪರದೆ ಒಮ್ಮೆ ಕಣ್ಣು ಪಿಳುಕಿಸಿತು.
ಅಷ್ಟೆ.
ಭಾನುವಾರ ಏನೂ ಇಲ್ಲ. ಸೋಮವಾರ ಏನೂ ಇಲ್ಲ.
ಮಂಗಳವಾರ ಕಡಂಬುಟ್ಟು ಇಳಿಸುತ್ತಿದ್ದಾಗ
ಸಿದ್ದಾಪುರದ ಕರಿಮೆಣಸಿನ ಸಾಹುಕಾರರ ಫೋನು:
ಏನಮ್ಮ, ಆಸ್ಪತ್ರೆಯಲ್ಲಿದ್ದೀರಂತೆ,
ಇಪ್ಪತ್ತು ಸಾವಿರ ಅರ್ಜೆಂಟಂತೆ?
ಕೈಯಲ್ಲಿ ಸೌಟು ಹಿಡಿದುಕೊಂಡೇ
ನನ್ನ ಕಾಯಿಲೆಯ ವಿಷಯ ಕೇಳಿಸಿಕೊಂಡೆ.

ಓಡಿಹೋಗಿ ಬೀಗ ಬದಲಿಸಿದೆ.
ಅದೇ ಕಂಪ್ಯೂಟರಿನ ಮುಂದೆ ಕೂತು,
ಒಂದೊಂದೇ ಹೊಸ ಪಾಸ್‌ವರ್ಡ್, ಕಷ್ಟದ್ದು, ಉದ್ದದ್ದು,
ಕಳ್ಳ ಒಳಗೇ ಮಣೆ ಹಾಕಿ ಕೂತಿದ್ದಾನೆ
ಎಂಬುದು ಹೊಳೆಯದೆ,
ಬೀಗದ ಕೈಗಳನ್ನು ಅವನ ಮಡಿಲಿಗೇ ಹಾಕಿದೆ.

ಅಶ್ಕರ್ ಬಂದ. ಮೊದಲು ನೆಟ್ಟಿನ ವೈರು ಕಿತ್ತ.
ಆಮೇಲೆ ಕಾಫಿ ಕೇಳಿದ.
ಸ್ಕ್ರೂಡ್ರೈವರ್ ಜೇಬಿನಲ್ಲೇ ಉಳಿಯಿತು.
ಕಾಯಿಕೊರಕ ಕಂಡವರಲ್ಲವಾ ಅಕ್ಕ ನೀವು, ಅಂದ.
ಹಣ್ಣು ಕೆಂಪಗೆ, ಗುಂಡಗೆ, ಗಿಡದ ಮೇಲೇ ಇರುತ್ತದೆ.
ತುದಿಯಲ್ಲಿ ಸೂಜಿಮೊನೆಯಷ್ಟು ತೂತು.
ಒಡೆದರೆ ಬೀಜವಿಲ್ಲ, ಹಿಟ್ಟು.

ಇದು ನೆನಪಿಟ್ಟುಕೊಳ್ಳಲಾ, ಅಂತ ಬ್ರೌಸರು ಕೇಳಿದಾಗೆಲ್ಲ
ಹೂಂ ಅಂದಿದ್ದೀರಿ, ಅಂದ.
ಮನೆ ಮುಂದೆ ಹಲಸು ಹಣ್ಣಾಗಲು ಬಿಟ್ಟು
ಸುತ್ತ ಕಂದಕ ತೋಡಿ ಏನು ಬಂತು?
ಅವನ ತಂಗಿಯ ಫೋನಿನಿಂದ
ಎಲ್ಲ ಕಡೆಯಿಂದಲೂ ನನ್ನನ್ನು ಹೊರಗೆ ಹಾಕಿದ,
ಬಾಗಿಲಿಗೆರಡು ಬೀಗ, ಒಂದರ ಕೈ ನನ್ನ ಮೊಬೈಲಿನಲ್ಲಿ.
ಕಂಪ್ಯೂಟರನ್ನು ಬೋಳಿಸಿ, ತೊಳೆದು, ಹೊಸದಾಗಿ ತುಂಬಿದ.
ಮುಖ್ಯವಾದದ್ದನ್ನು ನೋಟುಬುಕ್ಕಿನಲ್ಲಿ ಬರೆದಿಡಿ,
ಆ ಕಳ್ಳ ನಿಮ್ಮ ಅಕ್ಕಿಡಬ್ಬ ಹುಡುಕಲು
ಕುಶಾಲನಗರದಿಂದ ಬಸ್ಸು ಹಿಡಿದು ಬರುವುದಿಲ್ಲ.
ನಗಬೇಕಿತ್ತು ನಾನು.

ನಗು ಬರಲಿಲ್ಲ, ಯಾಕೆಂದರೆ
ಡೆಸ್ಕ್‌ಟಾಪಿನಲ್ಲಿ 'ಗುಟ್ಟು' ಎಂದೇ ಹೆಸರಿಟ್ಟ ಫೈಲೊಂದಿತ್ತು.
(ಗುಟ್ಟಿಗೆ ಗುಟ್ಟೆಂದು ಹೆಸರಿಡುವವಳು ನಾನೊಬ್ಬಳೇ ಇರಬೇಕು.)
ಬ್ಯಾಂಕಿನ ನಂಬರು, ಗ್ಯಾಸಿನ ನಂಬರು,
ಯಾರಿಗೆ ಎಷ್ಟು ಮುಂಗಡ,
ನಡುವೆ ಒಂದು ಸಾಲು:
ಚೋಮಿಯ ಎಂಟು ಸಾವಿರ ನನ್ನ ಬಳಿ.
ಗಂಡನಿಗೆ ತಿಳಿಯಬಾರದು.

ನನ್ನದು ಹೋಯಿತು, ಹೋಗಲಿ.
ಇದು ನನ್ನದಲ್ಲ.

ಸಂಜೆ ಲೈನ್ ಮನೆಗೆ ಹೋದೆ.
ವೈರು, ಫೈಲು, ಎಲ್ಲಿಯೋ ಕೂತ ಕಳ್ಳ,
ತಡವರಿಸುತ್ತ ಎಲ್ಲ ಹೇಳಿದೆ.
ಸೊಪ್ಪು ಬಿಡಿಸುತ್ತಿದ್ದ ಚೋಮಿ ತಲೆಯೆತ್ತದೆ ಕೇಳಿದಳು:
ಆ ಕಳ್ಳನಿಗೆ ನನ್ನ ಗಂಡನ ಪರಿಚಯ ಉಂಟಾ?
ಇಲ್ಲ, ಅಂದೆ.
ಮತ್ತೆ? ಅಂದು ನಕ್ಕಳು, ನಾನೂ ನಕ್ಕೆ,
ಒಲೆಯ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು.

ಆಮೇಲೆ ದಂಟೊಂದನ್ನು ಮುರಿದು, ಮೆಲ್ಲಗೆ,
ಆದರೂ ಅಮ್ಮ,
ಇಟ್ಟುಕೋ ಅಂದಿದ್ದೆ.
ಬರೆದುಕೋ ಅಂದಿರಲಿಲ್ಲ.

ಅದಕ್ಕೆ ನನ್ನ ಬಳಿ ಮಾತಿರಲಿಲ್ಲ.

ಈಗ ಅದು ಎಷ್ಟಾಗಿದೆ, ಎಲ್ಲಿದೆ ಕೇಳಬೇಡಿ.
ಎಂಟು ಸಾವಿರವೂ ಅಲ್ಲ ಅದು.
ಅವಳ ಹೆಸರು ಚೋಮಿಯೂ ಅಲ್ಲ.